ಗದ್ದದ ಮೇಲಿನ ಮೂರು ಚುಕ್ಕಿ

"ಇದು ಯಾರವ್ವಾ?"

ಕಳೆದ ಭಾನುವಾರ ಸಾರಕ್ಕಿಯ ತಿಥಿ ಮನೆಯೊಂದರಲ್ಲಿ ಮುನಿಯಪ್ಪನವರು ನನ್ನನ್ನು ಕೇಳಿದ ಪ್ರಶ್ನೆ ಇದು. ಎಂಬತ್ತರ ಹತ್ತಿರದ ಹಿರಿಯರು. ಎದುರಿಗೆ ಹಾರ ಹಾಕಿದ ದೊಡ್ಡ ಚಿತ್ರ. ಅದರಲ್ಲಿದ್ದವರು ಅವರ ಹೆಂಡತಿ. ಬರೆದವಳು ನಾನು.

ನಲವತ್ತಮೂರನೇ ವಯಸ್ಸಿನಲ್ಲಿ ಜೆ.ಪಿ. ನಗರದಲ್ಲಿ ಇಲಸ್ಟ್ರೇಷನ್ ಕೋರ್ಸ್ ಸೇರಿದ ನನ್ನ ಕಥೆ ನಿಮಗೆ ಗೊತ್ತೇ ಇದೆ. (ಕ್ಲಾಸಿನ ಮಕ್ಕಳು ಆಂಟಿ ಅಂತಾರೆ. ಅಭ್ಯಾಸವಾಗಿದೆ.) ಈ ಟರ್ಮಿನಲ್ಲಿ ನಿಜವಾದ ಕ್ಲೈಂಟ್ ಹಿಡಿಯಬೇಕು. ಅವರಿಗೆ ಏನು ಬೇಕೆಂದು ಬರೆದುಕೊಳ್ಳಬೇಕು. ಅದಕ್ಕೆ ಬ್ರೀಫ್ ಎಂದು ಹೆಸರು. ಬ್ರೀಫ್‌ನಲ್ಲಿ ಇದ್ದದ್ದನ್ನೇ ಚಿತ್ರ ಮಾಡಿಕೊಡಬೇಕು.

ಮೊದಲ ಬ್ರೀಫ್‌ನಲ್ಲೇ ನಾನು ಮುಗ್ಗರಿಸಿದೆ. ಜಯನಗರದ ಬೇಕರಿಯವರು ಡಬ್ಬದ ಮೇಲೆ ಕೇಕ್ ಕೇಳಿದ್ದರು. ನಾನು ಅವರ ಕೌಂಟರಿನ ಕೆಳಗೆ ಮಲಗಿದ್ದ ಕುಂಟುನಾಯಿಯನ್ನು ಬರೆದಿದ್ದೆ. "ಮೇಡಂ, ನಿಮ್ಗೆ ಕಂಡಿದ್ದಲ್ಲ, ಅವ್ರು ಕೇಳಿದ್ದು ಮಾಡಿ" ಅಂದರು ನಮ್ಮ ಮೇಷ್ಟ್ರು. ನನಗಿಂತ ಹದಿನೈದು ವರ್ಷ ಚಿಕ್ಕವರು. ಮಾತು ನಾಟಿತು.

ಹಾಗಾಗಿ ಮುನಿಯಪ್ಪನವರ ಮಗ ಮಂಜುನಾಥ್ ಫೋನ್ ಮಾಡಿದಾಗ ನಾನು ಪೂರ್ತಿ ಬದಲಾಗಿದ್ದೆ. ನಾವು ಮನೆಗೆ ಬಣ್ಣ ತರುವ ಹಾರ್ಡ್‌ವೇರ್ ಅಂಗಡಿ ಅವರದ್ದು.

"ಅಮ್ಮ ಹೋಗ್ಬಿಟ್ರು ಮೇಡಂ. ನೆಟ್ಟಗಿರೋ ಫೋಟೋನೇ ಇಲ್ಲ, ಆಧಾರ್ ಕಾರ್ಡ್‌ದು ಒಂದೇ. ರೇಷ್ಮೆ ಸೀರೆ ಉಡ್ಸಿ, ಕಾಸಿನ ಸರ ಹಾಕಿ. ಮುಖದ ಕಲರ್ ಸ್ವಲ್ಪ ಲೈಟ್ ಮಾಡ್ಬಿಡಿ."

ಬರೆದುಕೊಂಡೆ. ಸೈಜ್ ಎಷ್ಟು, ಯಾವತ್ತಿಗೆ ಬೇಕು, ಎಲ್ಲಿ ತೂಗುಹಾಕುತ್ತೀರಿ, ಎಲ್ಲ ಕೇಳಿದೆ. ಅಮ್ಮ ಹೇಗಿದ್ದರು ಅಂತ ಕೇಳಿದೆನಾ? ಇಲ್ಲ. ಕಾಲೇಜಿನ ಫಾರಂನಲ್ಲಿ ಆ ಪ್ರಶ್ನೆ ಇರಲಿಲ್ಲ.

ಆ ಮಸುಕು ಫೋಟೋದಲ್ಲಿ ಗದ್ದದ ಮೇಲೆ ಮೂರು ಚುಕ್ಕಿಗಳಿದ್ದವು. ಸ್ಕ್ಯಾನ್ ಮಾಡುವಾಗ ಬಿದ್ದ ಕಲೆ ಅಂದುಕೊಂಡು ಒರೆಸಿಬಿಟ್ಟೆ. ಎರಡು ಸೆಕೆಂಡಿನ ಕೆಲಸ. ಮಂಜುನಾಥ್ ಒಂದೇ ಸಲಕ್ಕೆ ಓಕೆ ಮಾಡಿದರು. "ಒಂದೂ ಕರೆಕ್ಷನ್ ಇಲ್ವಲ್ಲ ಮೇಡಂ, ಸಖತ್ ಪ್ರೊಫೆಷನಲ್ ಆಗ್ಬಿಟ್ರಿ" ಅಂದರು ಮೇಷ್ಟ್ರು. ನಾನು ಹಿಗ್ಗಿ ಹೀರೇಕಾಯಿಯಾಗಿದ್ದೆ.

ಹನ್ನೊಂದನೇ ದಿನದ ತಿಥಿಗೆ ಕರೆದರು, ಹೋದೆ. ಮುನಿಯಪ್ಪನವರು ಚಿತ್ರದ ಗಾಜಿನ ಮೇಲೆ, ಗದ್ದದ ಹತ್ತಿರ, ಬೆರಳಾಡಿಸುತ್ತಿದ್ದರು.

"ಇಲ್ಲಿ ಹಚ್ಚೆ ಇತ್ತಲ್ಲವ್ವಾ. ಮೂರು ಬೊಟ್ಟು. ಚಿಕ್ಕೋಳಿದ್ದಾಗ ಅವ್ರವ್ವ ಹಾಕ್ಸಿದ್ದು."

ನಾನು ಮೊಬೈಲಿನಲ್ಲಿದ್ದ ಆಧಾರ್ ಫೋಟೋ ತೆಗೆದು ಆ ಮೂರು ಚುಕ್ಕಿ ನೋಡಿದೆ.

"ನಾ ಸತ್ತಾಗ ಚಿನ್ನ ಎಲ್ಲಾ ಬಿಚ್ಕೋತೀರ, ಹಚ್ಚೆ ಒಂದೇ ನಂಜೊತೆ ಬರೋದು ಅಂತಿದ್ಲು" ಅಂದರು.

"ಸರಿ ಮಾಡ್ಕೊಡ್ತೀನಿ ತಾತ" ಅಂದೆ. ಮಗ ನಡುವೆ ಬಂದರು. "ಬಿಡಿ ಮೇಡಂ, ಫ್ರೇಮ್ ಹಾಕ್ಸಾಗಿದೆ. ಬಂದೋರೆಲ್ಲ ಎಷ್ಟು ಲಕ್ಷಣವಾಗವ್ರೆ ಅಂತಾವ್ರೆ."

ಮುನಿಯಪ್ಪನವರು ಮತ್ತೆ ಆ ಕಡೆ ನೋಡಲಿಲ್ಲ. ಚಿತ್ರಕ್ಕೆ ಬೆನ್ನು ಮಾಡಿ ಊಟಕ್ಕೆ ಕೂತರು. ನನಗೂ ಎಲೆ ಹಾಕಿದರು.

ಆಕೆ ನೆಚ್ಚದ ಚಿನ್ನವನ್ನು ತೊಡಿಸಿದವಳು ನಾನು. ನೆಚ್ಚಿದ್ದ ಹಚ್ಚೆಯನ್ನು ಒರೆಸಿದವಳೂ ನಾನೇ. ಕುಂಟುನಾಯಿ ಬರೆದ ಹೆಂಗಸು ಆ ಮೂರು ಚುಕ್ಕಿಗಳನ್ನೇ ಮೊದಲು ನೋಡುತ್ತಿದ್ದಳು. ಅವಳನ್ನು ನಾನು ಕಷ್ಟಪಟ್ಟು ತಿದ್ದಿದ್ದೇನೆ. ಇದಕ್ಕೆ ಕಾಲೇಜಿನಲ್ಲಿ ಪ್ರಗತಿ ಅನ್ನುತ್ತಾರೆ. ನನಗೆ ನಾಚಿಕೆಯಾಗುತ್ತಿದೆ.

ನಾಳೆ ಪ್ರಗತಿ ವರದಿ ಕೊಡಬೇಕು. ತಿದ್ದುಪಡಿ ಎಷ್ಟು? ಸೊನ್ನೆ. ಕ್ಲೈಂಟ್ ತೃಪ್ತರೇ? ಹೌದು.

ದಿನಾ ಆ ಚಿತ್ರದ ಮುಂದೆ ದೀಪ ಹಚ್ಚಬೇಕಾದ ಮುನಿಯಪ್ಪನವರನ್ನು ಯಾವ ಕಾಲಂನಲ್ಲಿ ಬರೆಯಲಿ?