ಗಾಲಿ ಮನೆಯ ಮುಂದಿನ ಅಂಗಳ

ಜೋಳ ಹಸನು ಮಾಡುತ್ತ ಕುಳಿತಿದ್ದೆ, ಫೋನು ಬಂತು. ಹಲಸಿಯ ಸುನಂದಾ.

"ಅಕ್ಕಾರ, ದೀಪಾವಳಿ ಆದಮ್ಯಾಲ ಒಂದು ಗಾಡಿ ಖಾಲಿ ಐತ್ರಿ. ಆಜಿಗೆ ಹೇಳ್ರಿ, ಅವರ ಅಂಗಳ ಹಂಗ ಐತಿ."

ಮೊರದಲ್ಲಿನ ಹರಳು ಮರೆತು ನಕ್ಕುಬಿಟ್ಟೆ. ಯಾಕೆಂದು ನಿಮಗೆ ಹೇಳಲೇಬೇಕು.

ಸುನಂದಾ ಆಜಿ ಅನ್ನುವ ನಮ್ಮ ಅತ್ತೆಯವರದು ಒಂದು ನೇಮ. ಬಾಗಿಲ ಮುಂದೆ ಸಗಣಿಯಿಂದ ಸಾರಿಸಿ, ರಂಗೋಲಿ ಹಾಕಿ, ಸ್ನಾನ, ಲಿಂಗಪೂಜೆ ಮುಗಿಯುವ ತನಕ ಬಾಯಿಗೆ ಹನಿ ನೀರೂ ಇಲ್ಲ. ಅನಗೋಳದ ನಮ್ಮ ಮನೆಯ ಮುಂದೆ ಇನ್ನೂ ಹಿಡಿಯಷ್ಟು ಮಣ್ಣು ಉಳಿದಿದೆ, ಶಿವನ ದಯೆ. ಪರ ಊರಲ್ಲಿ ಎಲ್ಲಿ ಹುಡುಕುವುದು? ಸಕ್ಕರೆ ಕಾಯಿಲೆಯವರು ಬೇರೆ, ಹೊತ್ತಿಗೆ ಸರಿಯಾಗಿ ಗುಳಿಗೆ ನುಂಗಿ ರೊಟ್ಟಿ ತಿನ್ನಬೇಕು. ಹೀಗಾಗಿ ಆರು ವರ್ಷ ಅವರು ಎಲ್ಲಿಯೂ ತಂಗಿರಲಿಲ್ಲ. ಅವರನ್ನು ಬಿಟ್ಟು ನಾನೂ ಹೋಗಲಿಲ್ಲ.

ಹೋದ ಚಳಿಗಾಲ ನಮ್ಮ ಯಜಮಾನರು ಹಟ ಹಿಡಿದರು. ಹಲಸಿಯ ಕದಂಬರ ಗುಡಿ ನೋಡುವುದು, ಅಲ್ಲೇ ಗಾಡಿಯೊಳಗೆ ಮಲಗುವುದು.

"ಗಾಡ್ಯಾಗ ಮಲಗಾಕ ನಾವೇನ್ ಸರ್ಕಸ್ಸಿನವರೇನೋ?" ಅಂದರು ಅತ್ತೆ. ಆದರೂ ಬಂದರು, ಮಣೆ, ತಂಬಿಗೆ, ರಂಗೋಲಿ ಡಬ್ಬಿಯ ಸಮೇತ. ರೊಟ್ಟಿ ಹಂಚು ಕಟ್ಟಿಕೊಂಡು ಹೊರಟ ನಾನು ಅವರನ್ನು ನೋಡಿ ನಗುವಂತಿರಲಿಲ್ಲ.

ಸುನಂದಾಳದು ಪುಟ್ಟ ಜಾಗ. ಗೋಡಂಬಿ ಮರಗಳ ಕೆಳಗೆ ಪ್ರವಾಸಿಗರು ತಂಗಲು ಗಾಡಿಯಲ್ಲೇ ಕಟ್ಟಿದ ಎರಡು ಗಾಲಿ ಮನೆ, ನಾಲ್ಕು ಡೇರೆ. ಮಂಚದಿಂದ ಕೈಚಾಚಿದರೆ ಒಲೆ, ಕಸ ಗುಡಿಸಲು ಎಂಟೇ ಹೆಜ್ಜೆ. ಮೊದಲೇ ಇಂಥ ಮನೆ ಕೊಟ್ಟಿದ್ದರೆ ಶಿವನೇ, ನನ್ನ ಸೊಂಟ ಇಷ್ಟು ಸವೆಯುತ್ತಿರಲಿಲ್ಲ.

ಬೆಳಗ್ಗೆ ಎದ್ದರೆ ಅತ್ತೆ ಇಲ್ಲ. ಹೊರಗೆ ಇಣುಕಿದೆ. ಪಕ್ಕದ ಕೊಟ್ಟಿಗೆಯಿಂದ ಸಗಣಿ ತಂದು ಬಾಗಿಲ ಮುಂದೆ ಸಾರಿಸುತ್ತಿದ್ದಾರೆ. ಅಲ್ಲಿ ಇದ್ದದ್ದು ಹೊಚ್ಚ ಹೊಸ ಪ್ಲಾಸ್ಟಿಕ್ ಹುಲ್ಲಿನ ಹಾಸು! ಕನ್ನಡಕವಿಲ್ಲದ ಕಣ್ಣಿಗೆ ಅದು ಹುಲ್ಲು ಬೆಳೆದ ನೆಲ.

"ಅಗಬಾಯಿ! ಆಜಿ, ಏನ್ ಮಾಡಾಕತ್ತೀರಿ?" ಸುನಂದಾ ಓಡಿ ಬಂದಳು.

"ಸಾರಸಾಕತ್ತೀನವಾ. ನಿಮ್ಮ ಹುಲ್ಲು ಭಾಳ ಹಠಮಾರಿ ಐತಿ ನೋಡು, ಸಗಣಿ ಕುಂದರವಲ್ದು."

ನಾಚಿಕೆಯಿಂದ ನಾನು ಕುಗ್ಗಿಹೋದೆ. ವಿಷಯ ತಿಳಿದು ಅತ್ತೆಯ ಮುಖ ಸಣ್ಣದಾಯಿತು. ಮೆಟ್ಟಿಲ ಮೇಲೆ ಕುಸಿದು ಕೂತರು.

"ತಪ್ಪಾತವಾ. ನಡೀರಿ, ಮನೀಗೆ ಹೋಗೂಣು. ಅಲ್ಲೇ ಪೂಜಿ ಮಾಡ್ತೀನಿ."

ಮನೆ ತಾಸಿಗೂ ಮಿಕ್ಕಿದ ದಾರಿ. ಗುಳಿಗೆಯ ಹೊತ್ತು ಆಗಲೇ ಬಂದಿತ್ತು, ಅವರ ಬೆರಳು ನಡುಗುತ್ತಿದ್ದವು.

ಸುನಂದಾ ಆ ಬೆರಳು ನೋಡಿದಳು. ಬಗ್ಗಿ ಹಾಸಿನ ತುದಿ ಹಿಡಿದಳು. "ಅಕ್ಕಾರ, ಆ ಕಡೆ ಹಿಡೀರಿ."

ಇಬ್ಬರೂ ಎಳೆದೆವು. ಕೆಳಗೆ ತಣ್ಣನೆಯ ಕೆಂಪು ಮಣ್ಣು!

"ನಮ್ಮ ಆಯಿನೂ ಹಿಂಗ ಸಾರಸ್ತಿದ್ಲು. ಮಾಡ್ರಿ ಆಜಿ, ಲಗೂ," ಎಂದು ತಾನೇ ನೀರು ಚಿಮುಕಿಸಿದಳು.

ಎಂಟು ಗಂಟೆಯೊಳಗೆ ಅತ್ತೆ ಪೂಜೆ ಮುಗಿಸಿ ರೊಟ್ಟಿ ಮುರಿದರು. ಅವರ ಕೈನಡುಕ ನಿಂತದ್ದೇ ನನಗೆ ಅಂದಿನ ಪ್ರಸಾದ. ಹಾಸನ್ನು ನಲ್ಲಿಯ ಕೆಳಗೆ ತಿಕ್ಕಿ ತೊಳೆಯುವ ಕೆಲಸ ನನ್ನ ಪಾಲಿಗೆ ಬಂತು. ಆ ವಾಸನೆ ಎರಡು ದಿನ ಕೈಬಿಡಲಿಲ್ಲ. ಯಜಮಾನರು ಮಾತ್ರ ಗುಡಿಯ ಇತಿಹಾಸ ಹೇಳುತ್ತ ಒಣನೆಲದಲ್ಲೇ ನಿಂತಿದ್ದರು.

ಇವತ್ತು ಫೋನಿಟ್ಟು ಅತ್ತೆಗೆ ಸುದ್ದಿ ಹೇಳಿದೆ. ಆ ಹಾಸನ್ನು ಮತ್ತೆ ಹಾಸಲೇ ಇಲ್ಲವಂತೆ ಎಂದೆ. ಅವರು ಎದ್ದು ಒಳಗೆ ಹೋದರು. ರಂಗೋಲಿ ಡಬ್ಬಿ ಅಲುಗಾಡಿಸಿ ನೋಡುವ ಸದ್ದು ಕೇಳಿತು.

"ಯವ್ವಾ, ಇನ್ನೊಂದು ಸೇರು ಜೋಳ ಹಾಕು. ಆಕೀಗೂ ನಾಕು ರೊಟ್ಟಿ ಒಯ್ಯೂಣು."

ಚೀಲದ ಬಾಯಿ ಬಿಚ್ಚಿ, ಮೊರ ಮತ್ತೆ ತುಂಬಿಕೊಂಡೆ.