ಸೋದರಮಾವನ ತೊಡೆ

ನನ್ನ ಮಗನಿಗೆ ಕಿವಿ ಚುಚ್ಚಿಸಿದ ದಿನ ನಾನೊಂದು ಸುಳ್ಳು ಹೇಳಿದೆ. ಎರಡೇ ಪದದ ಸುಳ್ಳು. ಅದಕ್ಕೆ ಮೊದಲೂ ಬೇಕಾದಷ್ಟು ಹೇಳಿದ್ದೆ, ಅವೆಲ್ಲ ಹೇಗೋ ಅರಗಿಹೋಗಿದ್ದವು. ಇದೊಂದು ಇನ್ನೂ ಗಂಟಲಲ್ಲೇ ಕೂತಿದೆ. ಹುಡುಗನ ತಲೆ ಒರೆಸುವಾಗ ಟವೆಲ್ಲಿನ ಎಳೆ ಅವನ ಕಿವಿಯ ಪುಟ್ಟ ರಿಂಗಿಗೆ ಸಿಕ್ಕಿಕೊಳ್ಳುತ್ತದೆ. ಪ್ರತಿ ಸಲ ಅದನ್ನು ಬಿಡಿಸುವಾಗಲೂ ನನ್ನ ಮುಖ ಬಿಸಿಯಾಗುತ್ತದೆ.

ನಮ್ಮ ಮನೆಯಲ್ಲಿ ಇಬ್ಬರು ಅಪ್ಪಂದಿರು. ಒಬ್ಬ ನಾನು: ಹೊಸ ತಿಪ್ಪಸಂದ್ರದಲ್ಲಿ ಬೆಳೆದವನು, ವಿಮಾ ಕಚೇರಿಯಲ್ಲಿ ಗುಮಾಸ್ತ, ನಾಲ್ಕು ಜನ ಏನಂದುಕೊಂಡಾರು ಎಂಬ ಕಾಯಿಲೆಯನ್ನು ಚಿಕ್ಕಂದಿನಿಂದ ಸಾಕಿಕೊಂಡು ಬಂದವನು. ಇನ್ನೊಬ್ಬ ಹನ್ನೊಂದು ವರ್ಷದಿಂದ ನನ್ನ ಜೊತೆ ಬಾಳುತ್ತಿರುವವನು. ಹಲಸೂರಿನವನು, ಮನೆಮಾತು ತಮಿಳು, ಕಟ್ಟುಹಲ್ಲು ಮಾಡಿಕೊಡುವುದು ಅವನ ಕೆಲಸ. ಜೋಗುಪಾಳ್ಯದ ನಮ್ಮ ಬಾಡಿಗೆ ಮನೆಯ ಮುಂದಿನ ಕೋಣೆಯೇ ಅವನ ಲ್ಯಾಬು. ಅವನಿಗೆ ಆ ಕಾಯಿಲೆ ಇಲ್ಲ. ಹಲ್ಲಿಲ್ಲದ ಬಾಯಿಗಳನ್ನು ದಿನವಿಡೀ ನೋಡುವವನಿಗೆ ಮನುಷ್ಯರ ಭಯ ಹೊರಟುಹೋಗುತ್ತದಂತೆ.

ಹುಡುಗ ನಮ್ಮ ಮನೆಗೆ ಬಂದಾಗ ಅವನಿಗೆ ಹನ್ನೊಂದು ತಿಂಗಳು. ದತ್ತು ಪತ್ರದಲ್ಲಿ ನಮ್ಮಿಬ್ಬರ ಹೆಸರೂ ಬರುವಂತಿರಲಿಲ್ಲ, ಒಬ್ಬನದೇ ಬರಬೇಕು. ಸರ್ಕಾರಿ ಸಂಬಳ ಇರುವವನು ನಾನು ಅಂತ ನನ್ನದು ಬಂತು. ಹೆಸರು ನನ್ನದಾದರೂ ಮಗುವನ್ನು ಸಾಕಿದವನು ಅವನು. ರಾಗಿ ಸರಿ ಕಾಯಿಸುವುದು, ಉಗಿದ ಸರಿಯನ್ನು ಗೋಡೆಯಿಂದ ಒರೆಸುವುದು, ಚುಚ್ಚುಮದ್ದಿಗೆ ಕರೆದೊಯ್ಯುವುದು, ಎಲ್ಲ ಅವನೇ. ನಾನು ಜೊತೆಗೆ ಹೋದರೂ ಸೂಜಿ ಕಂಡೊಡನೆ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಹುಡುಗ ನಡೆಯಲು ಕಲಿತ ಮೇಲಂತೂ ಲ್ಯಾಬಿಗೆ ಉಳಿಗಾಲವಿರಲಿಲ್ಲ. ಒಂದು ದಿನ ಯಾವುದೋ ಅಜ್ಜಿಯ ಕೆಳದವಡೆ ಕಾಣೆಯಾಯಿತು. ಅಕ್ಕಿ ಡಬ್ಬ, ಚಪ್ಪಲಿ ಸ್ಟ್ಯಾಂಡು, ಬಚ್ಚಲು, ಎಲ್ಲ ಜಾಲಾಡಿದೆವು. ಕೊನೆಗೆ ಅದು ಸಿಕ್ಕಿದ್ದು ನನ್ನ ಆಫೀಸು ಬ್ಯಾಗಿನಲ್ಲಿ, ಊಟದ ಡಬ್ಬಿಯ ಪಕ್ಕ, ಮ್ಯಾನೇಜರರ ಎದುರಿಗೆ. ಮನೆಗೆ ಬಂದು ರೇಗಾಡಿದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು.

ಹುಡುಗ ನನ್ನನ್ನು ಅಪ್ಪ ಅನ್ನುತ್ತಿದ್ದ, ಅವನನ್ನು ಪಪ್ಪ. ಮೊದಲು ಬಂದದ್ದು ಪಪ್ಪ. ನನಗೆ ಸ್ವಲ್ಪ ಹೊಟ್ಟೆಕಿಚ್ಚಾಗಿದ್ದೂ ನಿಜ.

ಮನೆಯ ಹೊರಗೆ ಮಾತ್ರ ನಾನು ಬೇರೆಯೇ ಮನುಷ್ಯ. ಮಾರ್ಕೆಟ್ ರಸ್ತೆಯಲ್ಲಿ ಸೊಪ್ಪಿನವಳು ಮಗುವಿನ ತಾಯಿ ಎಲ್ಲಿ ಅಂತ ಕೇಳಿದರೆ ಊರಿಗೆ ಹೋಗಿದ್ದಾಳೆ ಅನ್ನುತ್ತಿದ್ದೆ. ಮನೆ ಓನರಿಗೆ ಅವನು ನನ್ನ ಸ್ನೇಹಿತ. ಆಫೀಸಿನಲ್ಲಿ ಅವನು "ಮಗು ನೋಡಿಕೊಳ್ಳುವವರು". ಪಾಲಿಸಿ ಮಾಡಿಸಲು ಬಂದವರ ಎದುರು ಕೂತು, ನಾಮಿನಿ ನಿಮಗೇನಾಗಬೇಕು, ಸರಿಯಾಗಿ ಬರೆಯಿರಿ ಅಂತ ದಿನಕ್ಕೆ ಮೂವತ್ತು ಸಲ ಗದರುವವನು ನಾನೇ. ಇವೆಲ್ಲ ಅವನಿಗೆ ಗೊತ್ತಿತ್ತು. ನನ್ನ ಸುಳ್ಳುಗಳನ್ನು ಒಂದೊಂದಾಗಿ ಹೇಳಿಸಿ ನಗುತ್ತಿದ್ದ. ಒಂದು ಸಂಜೆ ಮಾತ್ರ ನಗಲಿಲ್ಲ. ಹುಡುಗ ಆಗಷ್ಟೇ ಮಾತು ಹೆಕ್ಕಲು ಶುರುಮಾಡಿದ್ದ.

"ಆಚೆ ಏನ್ ಬೇಕಾದ್ರೂ ಹೇಳ್ಕೋ," ಅಂದ. "ಇವನು ಕೇಳಿಸ್ಕೊಳ್ತಿರುವಾಗ ಮಾತ್ರ ಹೇಳ್ಬೇಡ. ನಿಂಗೆ ಪೇಪರ್ ಇದೆ. ನಂಗಿರೋದು ಇವನು ಪಪ್ಪ ಅಂತಾನಲ್ಲ, ಅದೊಂದೇ."

ಆಯ್ತು ಅಂತ ಒಪ್ಪಿಕೊಂಡೆ.

ಕಿವಿ ಚುಚ್ಚಿಸಬೇಕೆಂದು ಹಟ ಹಿಡಿದವಳು ನನ್ನಮ್ಮ. ಅಮ್ಮ ಇರುವುದು ಅಣ್ಣನ ಮನೆಯಲ್ಲಿ. ಭಾನುವಾರ ಭಾನುವಾರ ಚಕ್ಕುಲಿಯೋ ಕೋಡುಬಳೆಯೋ ಹಿಡಿದು ಮೊಮ್ಮಗನನ್ನು ನೋಡಲು ಬರುತ್ತಾಳೆ. ನಾವಿಬ್ಬರು ಹೇಗೆ ಬಾಳುತ್ತಿದ್ದೇವೆ ಎಂದು ಅವಳಿಗೆ ನಾನು ಬಾಯಿಬಿಟ್ಟು ಹೇಳಿರಲಿಲ್ಲ. ಅವಳೂ ಕೇಳಿರಲಿಲ್ಲ. ಅವನು ಯಾವಾಗ ಈ ಮಾತು ಎತ್ತಿದರೂ ನನ್ನದು ಒಂದೇ ಉತ್ತರ: ಅಮ್ಮನಿಗೆ ವಯಸ್ಸಾಯಿತು, ತಡೆದುಕೊಳ್ಳಲಾರಳು. ಆ ಉತ್ತರದ ಹಿಂದೆ ಎಷ್ಟು ವರ್ಷ ಬೇಕಾದರೂ ಆರಾಮಾಗಿ ಕೂತಿರಬಹುದಿತ್ತು.

ಹುಡುಗನಿಗೆ ಎರಡೂವರೆ ತುಂಬುತ್ತಿದ್ದಾಗ ಒಂದು ಬೆಳಿಗ್ಗೆ ನಾಲ್ವರೂ ಹಲಸೂರಿಗೆ ಹೋದೆವು. ದೇವಸ್ಥಾನದ ಹತ್ತಿರದ ಗಲ್ಲಿಯಲ್ಲಿ ಅಮ್ಮನಿಗೆ ಗೊತ್ತಿದ್ದ ಒಬ್ಬ ಆಚಾರಿಯ ಅಂಗಡಿ. ಮೂರು ಜನ ಕೂತರೆ ತುಂಬಿಹೋಗುವಷ್ಟು ಜಾಗ. ಬೆಂಚಿನ ಮೇಲೆ ಆಗಲೇ ಒಬ್ಬರು ಹೆಂಗಸು ಬಳೆ ರಿಪೇರಿಗೆ ಕೊಟ್ಟು ಕೂತಿದ್ದರು. ನೋಡಿದರೆ ನಮ್ಮಪ್ಪನ ಜೊತೆ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಿದ್ದವರ ಹೆಂಡತಿ, ನಮ್ಮ ಹಳೆಯ ಬೀದಿಯವರು. ಆ ಬೀದಿಯ ಸುದ್ದಿಯೆಲ್ಲ ಅವರ ಬಾಯಿಂದಲೇ ಹೊರಡುತ್ತಿತ್ತು. ನನಗೆ ಅಲ್ಲಿಯೇ ಬೆವರು ಕಿತ್ತುಕೊಂಡಿತು.

ಆಚಾರಿ ಹುಡುಗನ ಕಿವಿಗಳಿಗೆ ಕುಂಕುಮದ ಚುಕ್ಕಿ ಇಟ್ಟು ಎರಡೂ ಸಮ ಇದೆಯೇ ಎಂದು ಅಮ್ಮನಿಗೆ ತೋರಿಸಿದರು. ಹುಡುಗ ಏನೋ ಅನುಮಾನ ಬಂದು ಪಪ್ಪನ ತೊಡೆ ಏರಿ, ಅವನ ಶರ್ಟಿನಲ್ಲಿ ಮುಖ ಹುದುಗಿಸಿಬಿಟ್ಟಿದ್ದ. ನಮ್ಮಲ್ಲಿ ಮಗುವನ್ನು ಸೋದರಮಾವನ ತೊಡೆಯ ಮೇಲೆ ಕೂರಿಸಿಯೇ ಕಿವಿ ಚುಚ್ಚುವುದು. ತಮಿಳರಲ್ಲಂತೂ ತಾಯಿಯ ಅಣ್ಣತಮ್ಮಂದಿರಿಗೆ ಅದು ದೊಡ್ಡ ಹಕ್ಕು. ಇದು ನನಗೂ ಗೊತ್ತು, ಅವನಿಗೆ ಇನ್ನೂ ಚೆನ್ನಾಗಿ ಗೊತ್ತು. ಆದರೂ ಆಚಾರಿ ಕೇಳಬಹುದು ಎಂದು ನಾವಿಬ್ಬರೂ ಯೋಚಿಸಿರಲಿಲ್ಲ.

ಆಚಾರಿ ಅವನ ಕಡೆ ನೋಡಿ, "ನೀವೇನಾ ಸೋದರಮಾವ?" ಅಂದರು.

ಅವನು ನನ್ನ ಕಡೆ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಬೇಡಿಕೆಯೂ ಇರಲಿಲ್ಲ. ಸುಮ್ಮನೆ ಕಾಯುತ್ತಿದ್ದ. ಅಮ್ಮನೂ ನನ್ನನ್ನೇ ನೋಡುತ್ತಿದ್ದಳು. ಬೆಂಚಿನ ಹೆಂಗಸು ಕತ್ತು ಚಾಚಿದ್ದರು.

"ಹೌದು, ಸೋದರಮಾವ," ಅಂದೆ.

ಎಷ್ಟು ಅನುಕೂಲದ ಸುಳ್ಳು ನೋಡಿ. ಸೋದರಮಾವ ಇದ್ದಾನೆಂದರೆ ಅವನಿಗೊಬ್ಬಳು ಅಕ್ಕನೋ ತಂಗಿಯೋ ಇದ್ದಾಳೆ, ಅಂದರೆ ನನಗೊಬ್ಬಳು ಹೆಂಡತಿ ಇದ್ದಾಳೆ, ಮಗುವಿಗೆ ತಾಯಿ ಇದ್ದಾಳೆ. ಎರಡು ಪದದಲ್ಲಿ ಇಡೀ ಸಂಸಾರ ಕಟ್ಟಿ ನಿಲ್ಲಿಸಿದ್ದೆ. ಅದರಲ್ಲಿ ಅವನಿಗೆ ಕೊಟ್ಟ ಜಾಗ ಬಂದುಹೋಗುವ ನೆಂಟನದು. ಬೆಂಚಿನ ಹೆಂಗಸು ಸಮಾಧಾನದಿಂದ ತಲೆಯಾಡಿಸಿದರು. ನಾಚಿಕೆಗೆಟ್ಟ ನನಗೂ ಆ ಕ್ಷಣ ಸಮಾಧಾನವೇ ಆಯಿತು.

ಆಮೇಲೆ ಅಂಗಡಿಯಲ್ಲಿ ಬೇರೆ ಮಾತೇ ಇಲ್ಲ. ಮಾಮನ್ನ ಗಟ್ಟಿಯಾಗಿ ಹಿಡ್ಕೋ ಪುಟ್ಟ ಅಂದರು ಆಚಾರಿ. ಮೊದಲ ಕಿವಿಗೆ ತಂತಿ ಇಳಿದಾಗ ಹುಡುಗ ಕಿರುಚಿ ಅವನ ಮುಂಗೈ ಕಚ್ಚಿದ. ನಾನು ಎಂದಿನಂತೆ ಕಣ್ಣು ಮುಚ್ಚಿದ್ದೆ. ಆಯ್ತು ಆಯ್ತು, ಮಾಮ ಇದಾರಲ್ಲ ಅಂದರು ಬೆಂಚಿನ ಹೆಂಗಸು. ಎರಡನೆಯ ಕಿವಿಯಾದ ಮೇಲೆ ಬಾಯಿಗೆ ಬೆಲ್ಲ ಇಟ್ಟು, ಮಾಮಂಗೆ ಒಂದು ಮುತ್ತು ಕೊಡು ಅಂದರು. ಅಳು, ನೋವು, ಬೆಲ್ಲ ಎಲ್ಲದರ ಜೊತೆ ಆ ಪದ ಹುಡುಗನೊಳಗೆ ಇಳಿಯುತ್ತಿತ್ತು. ನಾನು ತಡೆಯಬಹುದಿತ್ತು. ಪರ್ಸು ತೆಗೆದು ಚಿಲ್ಲರೆ ಹುಡುಕುತ್ತ ನಿಂತೆ.

ವಾಪಸು ಬರುವಾಗ ಆಟೋ ಕೆರೆಯ ಪಕ್ಕ ಸಾಗುತ್ತಿತ್ತು. ಹುಡುಗ ಬಿಕ್ಕುವುದು ನಿಲ್ಲಿಸಿ, ಅವನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, "ಮಾಮ" ಅಂದ.

ಅವನು ಕಿವಿಗೆ ತಾಗದಂತೆ ಹುಡುಗನ ಕೆನ್ನೆ ಒರೆಸಿದ. ಆಮೇಲೆ, "ಏನ್ ಕಣ್ಣಾ?" ಅಂದ.

ಮಕ್ಕಳು ನಾಲ್ಕು ದಿನದಲ್ಲಿ ಮರೆಯುತ್ತಾರೆ ಅಂದುಕೊಂಡೆ. ಇವನು ಮರೆಯಲಿಲ್ಲ. ಬೆಳಿಗ್ಗೆ ಎದ್ದರೆ ಮಾಮ, ಉಚ್ಚೆ ಬಂದರೆ ಮಾಮ, ದೋಸೆಗೆ ಸಕ್ಕರೆ ಸಾಲದಿದ್ದರೆ ಮಾಮ. ನಾನು ಬಿಸ್ಕತ್ತು ಹಿಡಿದು ಹಿಂದೆ ಬಿದ್ದೆ. ಪಪ್ಪ ಅನ್ನು, ಕೊಡ್ತೀನಿ ಅಂದೆ. ಕಳ್ಳ, ಪಪ್ಪ ಅಂದು ಬಿಸ್ಕತ್ತು ಕಸಿದುಕೊಂಡು, ಅದನ್ನು ಮಾಮನಿಗೆ ತೋರಿಸಲು ಓಡುತ್ತಿದ್ದ. ಮೂರನೆಯ ದಿನ ಅವನೇ ಬೇಸತ್ತು ಬಿಟ್ಟುಬಿಡು ಅಂದ. ನಾಯಿಗೆ ಕಲಿಸಿದ ಹಾಗೆ ಕಲಿಸಬೇಡ ಅಂದ. ಬೈಯಲಿಲ್ಲ, ಜಗಳವಾಡಲಿಲ್ಲ. ಕಟ್ಟುಹಲ್ಲು ಉಜ್ಜುವ ಮಷೀನು ಹಾಕಿಕೊಂಡು ಕೆಲಸಕ್ಕೆ ಕೂತ. ಜಗಳವಾಡಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ.

ಭಾನುವಾರ ಅಮ್ಮ ಬಂದಳು. ಅವಳು ಕೂತು ನೀರು ಕುಡಿಯುತ್ತಿದ್ದಂತೆ ಅವನು ಒಳಗಿನಿಂದ ಒಂದು ಸ್ಟೀಲ್ ತಟ್ಟೆ ತಂದು ಅವಳ ಮುಂದಿಟ್ಟ. ಮಗುವಿಗೆ ಹೊಸ ಅಂಗಿ ಚಡ್ಡಿ, ಒಂದು ಚಿಪ್ಪು ಬಾಳೆಹಣ್ಣು, ತೆಂಗಿನಕಾಯಿ, ವೀಳ್ಯದೆಲೆ. ನನಗೂ ಹೇಳಿರಲಿಲ್ಲ. ಇದೇನಪ್ಪ ಅಂತ ಅಮ್ಮ ಕೇಳಿದಳು. "ನಮ್ಮಲ್ಲಿ ಕಿವಿ ಚುಚ್ಚಿದ್ರೆ ಮಾಮ ಸೀರು ಅಂತ ಉಡುಗೊರೆ ತರ್ಬೇಕು, ಅಮ್ಮ. ಮಾಮ ಆದ್ಮೇಲೆ ಬಿಡೋಕಾಗುತ್ತಾ," ಅಂದ. ಅವನ ದನಿ ನೆಟ್ಟಗೇ ಇತ್ತು. ತಟ್ಟೆ ಇಟ್ಟ ಕೈಯಲ್ಲಿ ಹುಡುಗ ಕಚ್ಚಿದ ಗುರುತು ಇನ್ನೂ ಮಾಸಿರಲಿಲ್ಲ.

ಅಮ್ಮ ತಟ್ಟೆಯನ್ನು ಮುಟ್ಟಲಿಲ್ಲ. "ಒಳಗಿಡಪ್ಪ. ಇದು ನೀನು ತರೋದಲ್ಲ," ಅಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ಆಚಾರ್ರು ಕೇಳ್ದಾಗ ನಾನೇ ಹೇಳೋಣ ಅಂತ ಬಾಯಿ ತೆಗ್ದಿದ್ದೆ, ಇವನೂ ಮಗೂಗೆ ಅಪ್ಪಾನೇ ಅಂತ. ನಿನ್ನ ಬಾಯಿಂದ ಬರ್ಲಿ ಅಂತ ತಡೆದೆ. ನೀನು ಇದನ್ನ ಹೇಳ್ದೆ."

ಭೂಮಿ ಬಾಯಿ ಬಿಡಬಾರದೆ ಅನಿಸಿತು. ಹನ್ನೊಂದು ವರ್ಷ ಇವಳನ್ನು ಅಡ್ಡ ಹಿಡಿದುಕೊಂಡು ಅವಿತಿದ್ದೆ. ಇವಳಿಗೆ ಎಲ್ಲ ಗೊತ್ತಿತ್ತು, ಬೀದಿಯ ಹೆಂಗಸಿನ ಎದುರೇ ಹೇಳಲೂ ತಯಾರಿದ್ದಳು. ತಡೆದುಕೊಳ್ಳಲಾರದವನು ನಾನೊಬ್ಬನೇ. ಅಡುಗೆಮನೆಗೆ ಹೋಗಿ ಅವನಿಗೆ ತಪ್ಪಾಯ್ತು ಅಂದೆ. ಕಾಯಿ ಒಡೆಯುತ್ತಿದ್ದವನು ತಲೆ ಎತ್ತದೆ, ನನಗೆ ಹೇಳಿ ಏನು ಪ್ರಯೋಜನ, ಅವನಿಗೆ ತಿಳಿಯುವ ಹಾಗೆ ಹೇಳು ಅಂದ. ಎರಡೂವರೆ ವರ್ಷದವನಿಗೆ ತಿಳಿಯುವ ಹಾಗೆ ಹೇಗೆ ಹೇಳುವುದು ಎಂದು ನನಗೆ ಇವತ್ತಿಗೂ ಹೊಳೆದಿಲ್ಲ.

ಮುಂದಿನ ತಿಂಗಳು ಹುಡುಗನನ್ನು ಇಂದಿರಾನಗರದ ಒಂದು ಪ್ಲೇಹೋಮಿಗೆ ಸೇರಿಸಿದೆವು. ಫಾರ್ಮಿನಲ್ಲಿ ತಂದೆ ಅಂತ ಒಂದು ಸಾಲು, ತಾಯಿ ಅಂತ ಒಂದು ಸಾಲು. ನಾನು ತಾಯಿ ಅನ್ನುವುದನ್ನು ಹೊಡೆದುಹಾಕಿ ತಂದೆ ಅಂತ ಬರೆದೆ, ಅವನ ಹೆಸರು ಬರೆದೆ. ತಿದ್ದಿದ ಕಡೆ ಆಫೀಸಿನ ಅಭ್ಯಾಸದಂತೆ ಪಕ್ಕದಲ್ಲಿ ಸಹಿಯನ್ನೂ ಹಾಕಿದೆ. ಅಲ್ಲಿನ ಮೇಡಂ ಓದಿ, ಸರಿ ಸರ್ ಅಂತ ಫೈಲಿಗೆ ಸೇರಿಸಿದರು. ಇಷ್ಟೇನಾ ಅನಿಸಿತು. ದೊಡ್ಡ ಗುಡ್ಡ ಕಡಿದವನಂತೆ ಬೀಗುತ್ತ ಮನೆಗೆ ಬಂದೆ. ಮೊದಲ ವಾರ ರಜೆ ಹಾಕಿ ನಾನೇ ಬಿಟ್ಟು, ನಾನೇ ಕರೆತಂದೆ. ಎರಡನೆಯ ವಾರದಿಂದ ಕರೆತರುವುದು ಅವನ ಪಾಲಿಗೆ ಬಂತು.

ಆ ಸೋಮವಾರ ಮಧ್ಯಾಹ್ನ ಕೌಂಟರಿನಲ್ಲಿ ಜನ ತುಂಬಿದ್ದರು. ಪ್ಲೇಹೋಮಿನಿಂದ ಫೋನು ಬಂತು. ಮೇಡಂ ಹಿಂಜರಿಯುತ್ತ ಮಾತಾಡಿದರು. ಮಗುವನ್ನು ಕರೆದೊಯ್ಯಲು ಒಬ್ಬರು ಬಂದಿದ್ದಾರೆ, ತಂದೆ ಅನ್ನುತ್ತಿದ್ದಾರೆ, ಆಧಾರ್ ಕೂಡ ತೋರಿಸಿದರು. ಆದರೆ ಇವರು ಯಾರು ಪುಟ್ಟ ಅಂತ ಕೇಳಿದರೆ ಮಗು ಮಾಮ ಅನ್ನುತ್ತಿದೆ. ಎರಡು ಮೂರು ಸಲ ಕೇಳಿದೆವು, ಮಾಮ ಅಂತಲೇ ಹೇಳುತ್ತಿದೆ. ಅದಕ್ಕೇ ಗೇಟಿನ ಆಚೆಯೇ ನಿಲ್ಲಿಸಿದ್ದೇವೆ, ತಪ್ಪು ತಿಳಿಯಬೇಡಿ ಅಂದರು.

ಇಪ್ಪತ್ತು ನಿಮಿಷದಿಂದ ಅವನು ಬಿಸಿಲಲ್ಲಿ ನಿಂತಿದ್ದನಂತೆ. ಅವರು ಏನಂದರು ಅಂತ ಕೇಳಿದೆ. ಏನೂ ಇಲ್ಲ ಸರ್, ನಿಮಗೆ ಫೋನ್ ಮಾಡಿ ಕೇಳಿ ಅಂದರು, ಅಷ್ಟೇ.

ಎದುರಿಗೆ ಪಾಲಿಸಿಯವರು ಇಬ್ಬರು, ಪಕ್ಕದ ಕುರ್ಚಿಯಲ್ಲಿ ಸಹೋದ್ಯೋಗಿ, ಹಿಂದೆ ಮ್ಯಾನೇಜರರ ಬಾಗಿಲು ತೆರೆದಿತ್ತು. ಹೊರಗೆ ಹೋಗಿ ಮಾತಾಡಬಹುದಿತ್ತು. ಹೋಗಲಿಲ್ಲ.

"ಅವರು ಅವನ ಅಪ್ಪ, ಮೇಡಂ. ಕಳ್ಸಿ," ಅಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. ಪಕ್ಕದವನು ಬರೆಯುವುದನ್ನು ನಿಲ್ಲಿಸಿದ.

ಮೇಡಮಿಗೆ ಇನ್ನೂ ಪೂರ್ತಿ ಸಮಾಧಾನವಾಗಿರಲಿಲ್ಲ. ಅವರದೂ ಜವಾಬ್ದಾರಿ. "ಮತ್ತೆ ಮಗು ಯಾಕೆ ಸರ್ ಮಾಮ ಅಂತಿದೆ?"

"ನಾನು ಹೇಳ್ಕೊಟ್ಟೆ, ಮೇಡಂ."

ಅವರು ಫೋನನ್ನು ಎಲ್ಲೋ ಇಟ್ಟರು, ಕಟ್ ಮಾಡಲು ಮರೆತರು. ಗೇಟಿನ ಚಿಲಕ ತೆಗೆದ ಸದ್ದು ಕೇಳಿಸಿತು. ಆಮೇಲೆ ನನ್ನ ಮಗ ಖುಷಿಯಿಂದ ಕೂಗಿಕೊಂಡು ಓಡಿದ್ದು ಕೇಳಿಸಿತು. ಕೂಗಿದ್ದು ಮಾಮ ಅಂತಲೇ.