ಹೊಂಗೆಮರಕ್ಕೆ ಒರಗಿಸಿದ ಕೊಡಲಿ

ಕೊಡಲಿ ಬಿದ್ದಿತ್ತು. ಗಾಳಿಗೆ ಬಿದ್ದಿರಬೇಕು ಎಂದು ಬಹಳ ವರ್ಷ ಹೇಳಿಕೊಂಡೆ. ಆ ದಿನ ಗಾಳಿ ಇತ್ತೋ ಇಲ್ಲವೋ, ಈಗ ನೆನಪಿಲ್ಲ. ಗಾಳಿಯನ್ನು ನಾನೇ ಆಮೇಲೆ ಸೇರಿಸಿರಬಹುದು.

ತೊಂಬತ್ತರ ದಶಕದ ನಡುವೆ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಸೂಪರ್‌ವೈಸರ್ ಆಗಿದ್ದೆ. ಹೊಸ ಲೇತ್ ಯಂತ್ರ ಬರುವುದಿತ್ತು, ಶೆಡ್ಡನ್ನು ಉದ್ದ ಮಾಡಬೇಕಿತ್ತು, ಅದಕ್ಕೆ ಅಡ್ಡವಾಗಿ ಒಂದು ಹೊಂಗೆಮರ. ಮಧ್ಯಾಹ್ನ ನಾವೆಲ್ಲ ಬುತ್ತಿ ಬಿಚ್ಚುತ್ತಿದ್ದದ್ದು ಅದರ ಕೆಳಗೇ. ಕಡಿಯಲು ಮಾಕಳಿಯಿಂದ ಒಬ್ಬ ಹಿರಿಯರು ಬಂದರು. ಬಂದವರು ಕಡಿಯಲಿಲ್ಲ. ಬುಡಕ್ಕೆ ಅರಿಶಿನ ಕುಂಕುಮ ಹಚ್ಚಿ, ಕೊಡಲಿಯನ್ನು ಕಾಂಡಕ್ಕೆ ಒರಗಿಸಿ, ಮರದ ಒಳಗಿರುವವಳಿಗೆ ಒಂದು ರಾತ್ರಿ ಸಮಯ ಕೊಡಬೇಕು ಎಂದರು. ಬೆಳಿಗ್ಗೆ ಕೊಡಲಿ ನಿಂತೇ ಇದ್ದರೆ ಅವಳು ಒಪ್ಪಿ ಬೇರೆ ಮರಕ್ಕೆ ಹೋಗಿದ್ದಾಳೆ ಎಂದರ್ಥ. ಬಿದ್ದಿದ್ದರೆ ತಾವು ಮುಟ್ಟುವುದಿಲ್ಲ.

ನಾನು ನಕ್ಕೆ.

"ವರ್ಸಾ ವರ್ಸಾ ಮಿಸೀನ್‌ಗೆ ಕುಂಬಳಕಾಯಿ ಒಡೀತೀರಲ್ಲ ಸಾರ್, ಅದ್ಕೆ ಜೀವ ಐತಾ?" ಎಂದರು.

ಮರುದಿನ ಗೇಟು ತೆಗೆದವನು ನಾನೇ. ಕೊಡಲಿ ಮಣ್ಣಿನಲ್ಲಿ ಅಂಗಾತ ಬಿದ್ದಿತ್ತು, ಹಿಡಿ ಇಬ್ಬನಿಗೆ ತಣ್ಣಗಾಗಿತ್ತು. ಎರಡು ದಿನದಲ್ಲಿ ಜಾಗ ಖಾಲಿಯಾಗಬೇಕೆಂದು ಮಾಲೀಕರು ಹೇಳಿದ್ದರು. ಎತ್ತಿ ಮೊದಲಿನಂತೆ ಒರಗಿಸಿದೆ. ಮೊದಲಿನಂತೆ ಅಲ್ಲ, ಅವರಿಗಿಂತ ಭದ್ರವಾಗಿ, ಅಲಗನ್ನು ಮಣ್ಣಿಗೆ ಒತ್ತಿ. ಮರದಲ್ಲಿ ಯಾರೂ ಇಲ್ಲ ಎಂದು ನಂಬಿದ್ದವನು ಆಗ ಮರದ ಕಡೆಯಿಂದ ಮುಖ ತಿರುಗಿಸಿಕೊಂಡದ್ದು ಯಾಕೆ? ಇದೊಂದು ಮಾತ್ರ ಸರಿಯಾಗಿ ನೆನಪಿದೆ.

ಎಂಟು ಗಂಟೆಗೆ ಅವರು ಬಂದರು. ಕೊಡಲಿಯನ್ನಲ್ಲ, ನನ್ನನ್ನು ನೋಡಿದರು.

"ಬಿದ್ದಿರ್ನಿಲ್ವಾ ಸಾರ್?"

"ಇಲ್ಲ. ಹಾಗೇ ಇತ್ತು."

ಅವರು ಚಪ್ಪಲಿ ಬಿಟ್ಟು ಕಾಂಡದ ಮೇಲೆ ಅಂಗೈ ಇಟ್ಟರು. "ಸಾರ್ ನೋಡವ್ರೆ ಕಣವ್ವ, ನೀನು ಒಪ್ಪಿದೀಯಂತೆ. ತಪ್ಪೇನಾರ ಇದ್ರೆ ನನ್ ಮ್ಯಾಲೆ ಬರ್ಲಿ, ಅವ್ರ ಮ್ಯಾಲೆ ಬ್ಯಾಡ."

ಆಮೇಲೆ ಪಂಚೆ ಎತ್ತಿಕಟ್ಟಿದರು, ಬೀಡಿ ಹಚ್ಚಿ ಎರಡು ದಮ್ಮು ಎಳೆದು ಆರಿಸಿ ಕಿವಿಗೆ ಸಿಕ್ಕಿಸಿದರು, ಅಂಗೈಗೆ ಉಗುಳಿಕೊಂಡರು. ಬಾಯಿ ತೆರೆಯಲು ನನಗೆ ಅಷ್ಟು ಹೊತ್ತು ಇತ್ತು.

ಮರ ಕಡಿದದ್ದಕ್ಕೆ ಅವರಿಗೆ ಏನೂ ಆಗಲಿಲ್ಲ ಎಂದು ಬರೆದು ಮುಗಿಸಬಹುದು. ನನಗೆ ಗೊತ್ತಿಲ್ಲ. ಆಮೇಲೆ ತುಮಕೂರು ರಸ್ತೆಯ ಬಸ್ಸಿನಲ್ಲಿ ಎಷ್ಟೋ ಸಲ ಹೋಗಿದ್ದೇನೆ. ಕಂಡಕ್ಟರ್ ಮಾಕಳಿ, ಮಾಕಳಿ ಎಂದು ಕೂಗುವಾಗ ಪ್ರತಿಸಲವೂ ಕಿಟಕಿಯ ಆಚೆ ನೋಡುತ್ತ ಕೂತಿರುತ್ತೇನೆ. ಒಮ್ಮೆಯೂ ಇಳಿದು ವಿಚಾರಿಸಿಲ್ಲ.